ಮನೆತನದ ತಲೆಗೆ ಕಟ್ಟಿದ ಮರೆವು

ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಹೆಣ್ಣು ನೋಡಲು ಬಂದವರ ಕಣ್ಣು ಹುಡುಗಿಗಿಂತ ಮೊದಲು ಅವಳ ಅಜ್ಜನ ಮೇಲೆ ಬೀಳುತ್ತದೆ. ಕಟ್ಟೆಗೆ ಒರಗಿ ಕೂತ ಮುದುಕ ‘ಯಾವೂರವ್ರಪಾ?’ ಎಂದು ಕೇಳುತ್ತಾನೆ. ಅವಲಕ್ಕಿ, ಚಹಾ ಮುಗಿಯುವುದರೊಳಗೆ ಅದೇ ಪ್ರಶ್ನೆ ಮತ್ತೆರಡು ಸಲ ಬಂತೆಂದರೆ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಹಿರಿಯರೊಬ್ಬರು ಮಾತು ಮುಗಿಸಿಬಿಡುತ್ತಾರೆ: ‘ಆ ಮನಿತನದಾಗ ಮರವಿನ ರೋಗ ಐತಿ. ರಕ್ತದಾಗ ಬಂದದ್ದು. ಬ್ಯಾಡ ಬಿಡ್ರಿ.’

ಇದನ್ನು ಹಳ್ಳಿ ಮಂದಿಯ ತಿಳಿಗೇಡಿತನ ಎಂದು ನಗುವ ಹಕ್ಕು ಓದಿದವರಿಗೆ ಇಲ್ಲ. ಅವರೂ ಇದನ್ನೇ ಹೇಳುತ್ತಾರೆ, ಭಾಷೆ ಮಾತ್ರ ಬೇರೆ. ‘ಅಲ್ಝೈಮರ್ ಜೀನ್ ಪತ್ತೆ’ ಎಂಬ ತಲೆಬರಹ ವರ್ಷಕ್ಕೆರಡು ಬಾರಿಯಾದರೂ ಪತ್ರಿಕೆಗಳಲ್ಲಿ ಬರುತ್ತದೆ. ಜೊಲ್ಲು ತುಂಬಿದ ಕೊಳವೆಯನ್ನು ಕೊರಿಯರ್ ಮಾಡಿ, ಮುಪ್ಪಿನಲ್ಲಿ ನಿಮಗೆ ಮರೆವು ಬರುವ ಸಾಧ್ಯತೆ ಎಷ್ಟೆಂದು ಹೇಳುತ್ತೇವೆ ಎನ್ನುವ ಕಂಪನಿಗಳು ಹುಟ್ಟಿಕೊಂಡಿವೆ. ತಾಯಿಗೆ ಅಲ್ಝೈಮರ್ ಎಂದು ಡಾಕ್ಟರು ಹೇಳಿದ ರಾತ್ರಿ ಬೆಂಗಳೂರಿನ ಸಾಫ್ಟ್‌ವೇರ್ ಮಗ ಮೊಬೈಲಿನಲ್ಲಿ ಮೊದಲು ಹುಡುಕುವುದು ತಾಯಿಯನ್ನು ನೋಡಿಕೊಳ್ಳುವ ಬಗೆಯನ್ನಲ್ಲ, ತನಗೂ ಬರುತ್ತದೆಯೇ ಎಂಬುದನ್ನು. ಬಸ್‌ಸ್ಟ್ಯಾಂಡ್ ದಾರಿಯ ಹಿರಿಯರೂ ಈ ಮಗನೂ ಒಂದೇ ಕಡೆ ನಿಂತಿದ್ದಾರೆ. ರೋಗ ಮನೆತನದ ಆಸ್ತಿ, ಹುಟ್ಟಿದಾಗಲೇ ಪಾಲು ಆಗಿರುತ್ತದೆ, ತಪ್ಪಿಸಿಕೊಳ್ಳಲು ದಾರಿಯಿಲ್ಲ ಎಂಬುದು ಇಬ್ಬರ ನಂಬಿಕೆ.

ಈ ನಂಬಿಕೆ ತಪ್ಪು ಎನ್ನಲು ನನಗೆ ವೇದಾಂತ ಬೇಕಿಲ್ಲ. ಯಾವ ವಂಶವಾಹಿ ಸಂಶೋಧನೆಯ ಹೆಸರು ಹೇಳಿಕೊಂಡು ಅದನ್ನು ಹರಡುತ್ತಾರೋ ಆ ಸಂಶೋಧನೆಯ ನಲವತ್ತು ವರ್ಷದ ಇತಿಹಾಸವೇ ಸಾಕು.

ಮೊದಲು ಎದುರು ಪಕ್ಷದ ಗಟ್ಟಿ ಸಾಕ್ಷಿಯನ್ನು ನೋಡೋಣ. ಮರೆವು ನಿಜವಾಗಿ ರಕ್ತದಲ್ಲೇ ಬರುವ ಮನೆತನಗಳು ಇವೆ. 1984ರಲ್ಲಿ ಅಮೆರಿಕದ ಗ್ಲೆನರ್ ಮತ್ತು ವಾಂಗ್ ರೋಗಿಗಳ ಮಿದುಳಿನ ರಕ್ತನಾಳಗಳಿಂದ ಬೀಟಾ ಅಮಿಲಾಯ್ಡ್ ಎಂಬ ಪುಟ್ಟ ಪ್ರೋಟೀನ್ ತುಣುಕನ್ನು ಬೇರ್ಪಡಿಸಿದರು. 1987ರಲ್ಲಿ ಅದರ ತಾಯಿ ಪ್ರೋಟೀನ್ ಎಪಿಪಿಯ ವಂಶವಾಹಿ 21ನೇ ವರ್ಣತಂತುವಿನಲ್ಲಿ ಸಿಕ್ಕಿತು. ಡೌನ್ ಸಿಂಡ್ರೋಮ್ ಇರುವವರಿಗೆ ಆ ವರ್ಣತಂತು ಎರಡರ ಬದಲು ಮೂರು ಇರುತ್ತದೆ, ಅವರಲ್ಲಿ ಬಹುಪಾಲು ಮಂದಿಯ ಮಿದುಳಿನಲ್ಲಿ ನಲವತ್ತರ ಹೊತ್ತಿಗೇ ಅಮಿಲಾಯ್ಡ್ ಗಂಟುಗಳು ಕಾಣುತ್ತವೆ. ಲೆಕ್ಕ ಹೊಂದಿತು. 1991ರಲ್ಲಿ ಲಂಡನ್ನಿನ ಗುಂಪು ಅದೇ ವಂಶವಾಹಿಯಲ್ಲಿ ಒಂದಕ್ಷರದ ತಪ್ಪಿರುವ ಕುಟುಂಬವನ್ನು ಹುಡುಕಿತು. 1995ರಲ್ಲಿ ಪ್ರೆಸೆನಿಲಿನ್ ಎಂಬ ಇನ್ನೆರಡು ವಂಶವಾಹಿಗಳು ಸಿಕ್ಕವು. ಎಪಿಪಿ ಪ್ರೋಟೀನನ್ನು ಎರಡು ಕಿಣ್ವಗಳು ಎರಡು ಕಡೆ ಕತ್ತರಿಸುತ್ತವೆ. ಎರಡನೆಯ ಕಿಣ್ವದ ಬಾಯಿಯೇ ಪ್ರೆಸೆನಿಲಿನ್. ಅದು ಕೆಟ್ಟರೆ ತುಂಡಿನ ಉದ್ದ ಬದಲಾಗುತ್ತದೆ, 40 ಅಮೈನೋ ಆಮ್ಲಗಳ ತುಂಡಿನ ಎದುರು 42ರ ತುಂಡಿನ ಪಾಲು ಹೆಚ್ಚುತ್ತದೆ. ಈ 42ರದ್ದು ಅಂಟು ಸ್ವಭಾವ; ಒಂದಕ್ಕೊಂದು ಹತ್ತಿಕೊಂಡು ನರಕೋಶಗಳ ನಡುವೆ ಗಟ್ಟಿಯಾಗುತ್ತದೆ.

ಅಣುಜೀವಶಾಸ್ತ್ರದ ದೊಡ್ಡ ಗೆಲುವುಗಳಲ್ಲಿ ಇದೂ ಒಂದು, ಅದನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಆದರೆ ಈ ಮೂರು ವಂಶವಾಹಿಗಳ ತಪ್ಪಿನಿಂದ ರೋಗ ಬರುವುದು ಜಗತ್ತಿನ ಅಲ್ಝೈಮರ್ ರೋಗಿಗಳಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಗೆ. ಅವರಿಗೆ ಅದು ನಲವತ್ತು, ಐವತ್ತರ ಪ್ರಾಯದಲ್ಲೇ ಬರುತ್ತದೆ, ತಲೆಮಾರು ಬಿಡದೆ ಬರುತ್ತದೆ, ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಬರುತ್ತದೆ. ಎಪ್ಪತ್ತೆಂಟರಲ್ಲಿ ‘ಯಾವೂರವ್ರಪಾ’ ಎಂದು ಮೂರು ಸಲ ಕೇಳಿದ ಶಿರಹಟ್ಟಿಯ ಅಜ್ಜ ಈ ಗುಂಪಿನವನಲ್ಲ. ನೂರರಲ್ಲಿ ಒಬ್ಬರ ಕತೆಯನ್ನು ಉಳಿದ ತೊಂಬತ್ತೊಂಬತ್ತು ಮಂದಿಯ ಮೇಲೆ ಹೇರಿದ್ದು ಬಸ್‌ಸ್ಟ್ಯಾಂಡಿನ ಹಿರಿಯರೂ ಅಲ್ಲ. 1992ರ ನಂತರ ವಿಜ್ಞಾನಿಗಳೇ ಆ ಕೆಲಸ ಮಾಡಿದರು. ಅದಕ್ಕೆ ಆಮೇಲೆ ಬರುತ್ತೇನೆ.

ಎಲ್ಲವನ್ನೂ ವಂಶವಾಹಿಗೆ ಕಟ್ಟುವ ಆತುರ ಎಷ್ಟಿದೆ ಎನ್ನಲು ಮೊದಲ ರೋಗಿಯ ಕತೆಯೇ ಸಾಕ್ಷಿ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಸೇರಿದ ಆಗುಸ್ಟೆ ಡೆಟರ್ ಎಂಬಾಕೆಗೆ ಆಗ 51 ವರ್ಷ. ಆಲೋಯಿಸ್ ಅಲ್ಝೈಮರ್ ಆಕೆಯನ್ನು ಪರೀಕ್ಷಿಸಿದ, 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಡಿ ಇಟ್ಟ. ಆ ಗಾಜಿನ ಸ್ಲೈಡುಗಳು ದಶಕಗಳ ನಂತರ ಜರ್ಮನಿಯಲ್ಲಿ ಸಿಕ್ಕವು. 2013ರಲ್ಲಿ ಒಂದು ಗುಂಪು ಅವುಗಳಿಂದ ಡಿಎನ್ಎ ತೆಗೆದು, ಪ್ರೆಸೆನಿಲಿನ್ ವಂಶವಾಹಿಯಲ್ಲಿ ತಪ್ಪಿದೆ ಎಂದು ಪ್ರಕಟಿಸಿತು. ಪತ್ರಿಕೆಗಳು ಸಂಭ್ರಮಿಸಿದವು, ನೂರು ವರ್ಷದ ಒಗಟು ಬಗೆಹರಿಯಿತು ಎಂದವು. ಮರುವರ್ಷ ಬೇರೆಯವರು ಅದೇ ಸ್ಲೈಡುಗಳನ್ನು ಪರೀಕ್ಷಿಸಿದರೆ ಆ ತಪ್ಪು ಸಿಗಲೇ ಇಲ್ಲ. ಮೊದಲ ಸುದ್ದಿ ಓದಿದವರಲ್ಲಿ ಎರಡನೆಯದನ್ನು ಓದಿದವರು ಎಷ್ಟು ಮಂದಿ?

ಇನ್ನು ಎಪೊ-ಇ. ಜೊಲ್ಲಿನ ಕೊಳವೆಯ ಕಂಪನಿಗಳು ಬದುಕಿರುವುದೇ ಇದರ ಮೇಲೆ. 1993ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಅಲೆನ್ ರೋಸಸ್ ಗುಂಪು, 19ನೇ ವರ್ಣತಂತುವಿನ ಈ ವಂಶವಾಹಿಯ ಇ4 ಎಂಬ ರೂಪ ಮುಪ್ಪಿನ ಅಲ್ಝೈಮರ್‌ನ ಅಪಾಯವನ್ನು ಹೆಚ್ಚಿಸುತ್ತದೆಂದು ತೋರಿಸಿತು. ಮಿದುಳಿನಲ್ಲಿ ಕೊಬ್ಬನ್ನು ಹೊತ್ತು ಸಾಗಿಸುವ ಪ್ರೋಟೀನ್ ಇದು. ಇ2, ಇ3, ಇ4 ಎಂದು ಮೂರು ರೂಪ, ತಂದೆಯಿಂದ ಒಂದು, ತಾಯಿಯಿಂದ ಒಂದು. ಯುರೋಪ್ ಮೂಲದವರಲ್ಲಿ ಒಂದು ಇ4 ಇದ್ದರೆ ಅಪಾಯ ಸುಮಾರು ಮೂರು ಪಟ್ಟು, ಎರಡಿದ್ದರೆ ಎಂಟರಿಂದ ಹನ್ನೆರಡು ಪಟ್ಟು ಎಂಬ ಲೆಕ್ಕ ಎಲ್ಲ ಕಡೆ ಓಡಾಡುತ್ತದೆ.

‘ಯುರೋಪ್ ಮೂಲದವರಲ್ಲಿ’ ಎಂಬ ಮಾತನ್ನು ಕಂಪನಿಯ ವರದಿಯಲ್ಲಿ ಭೂತಗನ್ನಡಿ ಹಿಡಿದು ಹುಡುಕಬೇಕು. ನೈಜೀರಿಯಾದ ಇಬಾದಾನ್ ನಗರದ ಯೊರುಬಾ ಜನರನ್ನೂ ಅಮೆರಿಕದ ಇಂಡಿಯಾನಾಪೊಲಿಸ್‌ನ ಆಫ್ರಿಕನ್ ಅಮೆರಿಕನ್ನರನ್ನೂ ಜೊತೆಯಾಗಿ ಅನುಸರಿಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಇಬಾದಾನ್‌ನಲ್ಲಿ ಹೊಸದಾಗಿ ರೋಗ ಬರುವ ಪ್ರಮಾಣ ಅರ್ಧಕ್ಕಿಂತ ಕಡಿಮೆ ಇತ್ತು. ಇ4 ಅವರಲ್ಲಿಯೂ ಇತ್ತು, ಆದರೆ ರೋಗದೊಂದಿಗೆ ಅದರ ನಂಟು ಅಮೆರಿಕದಷ್ಟು ಗಟ್ಟಿಯಾಗಿ ಕಾಣಲಿಲ್ಲ.

ನಮ್ಮ ದೇಶದ್ದೇ ಬೇಕೆಂದರೆ ಹರಿಯಾಣದ ಬಲ್ಲಭಗಢ. ಅಲ್ಲಿನ ಹಳ್ಳಿಗಳ ಮುದುಕರನ್ನೂ ಅಮೆರಿಕದ ಪೆನ್ಸಿಲ್ವೇನಿಯಾದ ಮೊನೊಂಗಹೀಲಾ ಕಣಿವೆಯ ಮುದುಕರನ್ನೂ ಹೋಲಿಸಿದ ಇಂಡೋ-ಅಮೆರಿಕನ್ ಅಧ್ಯಯನ ನಡೆಯಿತು. 65 ದಾಟಿದವರಲ್ಲಿ ವರ್ಷಕ್ಕೆ ಸಾವಿರಕ್ಕೆ ಅಲ್ಲಿ 17.5 ಮಂದಿಗೆ ಹೊಸದಾಗಿ ಅಲ್ಝೈಮರ್ ಬಂದರೆ ಬಲ್ಲಭಗಢದಲ್ಲಿ 4.7. ಇ4 ಬಲ್ಲಭಗಢದಲ್ಲಿ ತುಸು ಕಡಿಮೆ, ಆದರೆ ರೋಗದೊಂದಿಗೆ ಅದರ ನಂಟಿನ ಬಲ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ‘ನೋಡಿ, ಜೀನ್ ಎಲ್ಲೆಲ್ಲೂ ಒಂದೇ ಕೆಲಸ ಮಾಡುತ್ತದೆ’ ಎಂದು ಎದುರು ಪಕ್ಷ ಇಲ್ಲಿ ಕುಣಿಯಬಹುದು. ಮಾಡಲಿ. ಮೂರು ಪಟ್ಟು ಎಂದರೆ ಯಾವುದರ ಮೂರು ಪಟ್ಟು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಸಾವಿರಕ್ಕೆ ಹದಿನೇಳರ ಮೂರು ಪಟ್ಟಿಗೂ ನಾಲ್ಕರ ಮೂರು ಪಟ್ಟಿಗೂ ವ್ಯತ್ಯಾಸವಿಲ್ಲವೇ? ಬಲ್ಲಭಗಢದ ಎಣಿಕೆಯಲ್ಲಿ ತಪ್ಪಿಹೋದವರು ಇರಬಹುದು. ಮುದುಕರ ಮರೆವನ್ನು ಮನೆಯವರು ಹೇಳದೆ ಇರಬಹುದು, ರೋಗ ಬಂದವರು ಬೇಗ ಸತ್ತಿರಬಹುದು. ಅಷ್ಟನ್ನೆಲ್ಲ ಕಳೆದರೂ ಜೊಲ್ಲಿನ ವರದಿಯ ಶೇಕಡಾವಾರು ನಮ್ಮ ಮೈಗೆ ಹೊಲಿಸಿದ್ದಲ್ಲ ಎಂಬುದು ಅಳಿಯುವುದಿಲ್ಲ.

2024ರಲ್ಲಿ ಬಾರ್ಸಿಲೋನಾದ ಹುವಾನ್ ಫೋರ್ಟಿಯಾ ಮತ್ತು ಸಂಗಡಿಗರು ಒಂದು ಹೆಜ್ಜೆ ಮುಂದೆ ಹೋದರು. ಎರಡು ಇ4 ಇರುವುದನ್ನು ಅಪಾಯ ಎಂದು ಕರೆಯಬೇಡಿ, ಅದನ್ನೇ ವಂಶವಾಹಿ ರೋಗದ ಇನ್ನೊಂದು ಬಗೆ ಎಂದು ಕರೆಯಿರಿ ಎಂದರು. ಅವರ ಮಾಹಿತಿಯ ಬಹುಪಾಲು ಯುರೋಪ್ ಮೂಲದವರದ್ದು. ಜಗತ್ತಿನ ಅತಿ ದೊಡ್ಡ ವಂಶವಾಹಿ ಹುಡುಕಾಟಗಳಲ್ಲಿ ಒಂದಾದ 2022ರ ಅಧ್ಯಯನದ ಕತೆಯೂ ಇದೇ. ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳನ್ನು, ರೋಗದ ಮನೆತನದವರನ್ನು, ಆರು ಲಕ್ಷ ಎಪ್ಪತ್ತೇಳು ಸಾವಿರ ಇತರರನ್ನು ಹೋಲಿಸಿ ಡಿಎನ್ಎಯಲ್ಲಿ 75 ತಾಣಗಳನ್ನು ಗುರುತಿಸಿದರು, ಹೆಚ್ಚುಕಡಿಮೆ ಎಲ್ಲರೂ ಯುರೋಪ್ ಮೂಲದವರು. ಎಪ್ಪತ್ತೈದು ತಾಣ! ಬಹುಪಾಲು ತಾಣಗಳ ಪ್ರಭಾವ ಎಷ್ಟು ಚಿಕ್ಕದೆಂದರೆ ಒಬ್ಬ ಮನುಷ್ಯನ ಬಗ್ಗೆ ಅದೊಂದೇ ಏನನ್ನೂ ಹೇಳದು. ಇಷ್ಟೊಂದು ಕೈಗಳು ಸೇರಿ ಮಾಡುವ ಕೆಲಸವನ್ನು ‘ಆ ಮನಿತನದ ರಕ್ತ’ ಎಂಬ ಎರಡು ಮಾತಿನಲ್ಲಿ ಮುಗಿಸುವುದು ಹೇಗೆ?

ವಂಶವಾಹಿಯೇ ಹಣೆಬರಹ ಎನ್ನುವವರಿಗೆ ನಿಜವಾದ ಪೆಟ್ಟು ಕೊಟ್ಟದ್ದು ಕೊಲಂಬಿಯಾದ ಒಬ್ಬ ಹೆಣ್ಣುಮಗಳು. ಆಂಟಿಯೋಕಿಯಾ ಪ್ರಾಂತದ ಒಂದು ದೊಡ್ಡ ಬಳಗದಲ್ಲಿ ಪ್ರೆಸೆನಿಲಿನ್ ತಪ್ಪು ಹರಿದು ಬಂದಿದೆ. ಫ್ರಾನ್ಸಿಸ್ಕೊ ಲೊಪೆರಾ ಎಂಬ ನರವೈದ್ಯ ತನ್ನ ಆಯುಷ್ಯವನ್ನೇ ಆ ಬಳಗಕ್ಕೆ ತೇಯ್ದ. ತಪ್ಪು ಇರುವವರಿಗೆ ನಲವತ್ತರ ನಡುವಿನಲ್ಲೇ ಮರೆವು ಶುರುವಾಗುತ್ತದೆ. ಇಲ್ಲಿಯಾದರೂ ರಕ್ತದ ಮಾತಿಗೆ ಎದುರಾಡುವಂತಿಲ್ಲ ಎನ್ನಿಸುತ್ತದೆ. ಆದರೆ ಆ ಬಳಗದ ಒಬ್ಬಾಕೆಗೆ ಅದೇ ತಪ್ಪಿದ್ದರೂ ಎಪ್ಪತ್ತರವರೆಗೆ ತಲೆ ನೆಟ್ಟಗಿತ್ತು. ಮಿದುಳಿನ ಸ್ಕ್ಯಾನ್‌ನಲ್ಲಿ ಅಮಿಲಾಯ್ಡ್ ತುಂಬಿ ತುಳುಕುತ್ತಿತ್ತು, ಟೌ ಎಂಬ ಇನ್ನೊಂದು ಪ್ರೋಟೀನಿನ ಸಿಕ್ಕು ಮಾತ್ರ ಕಡಿಮೆ. 2019ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಆಕೆಗೆ ಎಪೊ-ಇ ವಂಶವಾಹಿಯ ‘ಕ್ರೈಸ್ಟ್‌ಚರ್ಚ್’ ಎಂಬ ಅಪರೂಪದ ರೂಪ ತಂದೆ ತಾಯಿ ಇಬ್ಬರಿಂದಲೂ ಬಂದಿತ್ತು. ಒಂದು ವಂಶವಾಹಿ ಕೊಟ್ಟ ಮರಣದಂಡನೆಯನ್ನು ಇನ್ನೊಂದು ಮೂವತ್ತು ವರ್ಷ ಮುಂದೂಡಿತು. ಒಬ್ಬಾಕೆಯ ಉದಾಹರಣೆಯಿಂದ ಎಲ್ಲವೂ ಸಿದ್ಧವಾಗುವುದಿಲ್ಲ, ಒಪ್ಪುತ್ತೇನೆ. ಆದರೆ ‘ತಪ್ಪಿಸಿಕೊಳ್ಳಲಾಗದು’ ಎಂಬ ಮಾತನ್ನು ಮುರಿಯಲು ತಪ್ಪಿಸಿಕೊಂಡ ಒಬ್ಬರು ಸಾಕು.

ಇಷ್ಟಾದರೂ ಬಿಡದವರ ಕೊನೆಯ ಅಸ್ತ್ರ ಅವಳಿಜವಳಿ. 2006ರ ಸ್ವೀಡನ್ನಿನ ಅವಳಿಗಳ ಅಧ್ಯಯನ ಅಲ್ಝೈಮರ್‌ನ ‘ಆನುವಂಶಿಕತೆ’ ಶೇ 58ರಿಂದ 79 ಎಂದು ಲೆಕ್ಕ ಹಾಕಿತು. ಓದಿದವರೂ ಈ ಅಂಕಿ ಕೇಳಿ ತಲೆಬಾಗುತ್ತಾರೆ, ರೋಗದ ಮುಕ್ಕಾಲು ಪಾಲು ರಕ್ತದ್ದು, ಕಾಲು ಪಾಲು ಮಾತ್ರ ನಮ್ಮ ಕೈಯಲ್ಲಿದೆ ಎಂದುಕೊಳ್ಳುತ್ತಾರೆ. ಆ ಅಂಕಿ ಹಾಗೆ ಹೇಳುವುದೇ ಇಲ್ಲ. ಮುಳಗುಂದದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲರ ಹೊಲವೂ ಒಂದೇ ಹದದ ಎರಿ ಭೂಮಿಯಾಗಿದ್ದರೆ ಒಬ್ಬರ ಜೋಳಕ್ಕೂ ಇನ್ನೊಬ್ಬರ ಜೋಳಕ್ಕೂ ಇರುವ ವ್ಯತ್ಯಾಸವೆಲ್ಲ ಬೀಜದ್ದೇ ಎನ್ನಿಸುತ್ತದೆ. ಅದೇ ಬೀಜವನ್ನು ಅರ್ಧ ಎರಿಗೆ, ಅರ್ಧ ಕಪ್ಪತಗುಡ್ಡದ ಬುಡದ ಮಸಾರಿಗೆ ಬಿತ್ತಿದರೆ ಬೀಜದ ಪಾಲು ತಾನೇ ಇಳಿಯುತ್ತದೆ. ಸ್ವೀಡನ್ನಿನಲ್ಲಿ ಎಲ್ಲರಿಗೂ ಶಾಲೆ, ಎಲ್ಲರಿಗೂ ಡಾಕ್ಟರು, ಎಲ್ಲರ ಅಡುಗೆಮನೆಯಲ್ಲೂ ಹೊಗೆಯಿಲ್ಲದ ಒಲೆ. ನಮ್ಮ ಗದಗ ಜಿಲ್ಲೆಯ ಒಂದೇ ಓಣಿಯಲ್ಲಿ ಪಿಎಚ್.ಡಿ. ಮಾಡಿದ ಅಜ್ಜನೂ ಹೆಬ್ಬೆಟ್ಟೊತ್ತುವ ಅಜ್ಜಿಯೂ ಇದ್ದಾರೆ. ಸ್ವೀಡನ್ನಿನ ಅಂಕಿಯನ್ನು ತಂದು ಈ ಓಣಿಗೆ ಅಂಟಿಸುವವರು ಗಣಿತ ಓದಿದ್ದಾರೆಯೇ ಎಂದು ಕೇಳಬೇಕಾಗುತ್ತದೆ.

ಈಗ ವಿಜ್ಞಾನಿಗಳ ಮೇಲಿನ ನನ್ನ ಆಪಾದನೆಗೆ ಬರುತ್ತೇನೆ. 1992ರಲ್ಲಿ ಹಾರ್ಡಿ ಮತ್ತು ಹಿಗಿನ್ಸ್ ಮಂಡಿಸಿದ ಅಮಿಲಾಯ್ಡ್ ಸರಪಳಿಯ ಸಿದ್ಧಾಂತ ನಿಂತದ್ದು ಆ ನೂರಕ್ಕೊಂದು ಮನೆತನಗಳ ಮೇಲೆ. ಅವರಲ್ಲಿ ಅಮಿಲಾಯ್ಡ್‌ನಿಂದ ಶುರುವಾಗುವ ರೋಗ ಎಂಬತ್ತರ ಮುದುಕರಲ್ಲೂ ಹಾಗೇ ಶುರುವಾಗುತ್ತದೆ, ಅದನ್ನು ತಡೆದರೆ ಎಲ್ಲ ತಡೆದಂತೆ ಎಂಬ ಊಹೆ ಕ್ರಮೇಣ ಊಹೆಯಾಗಿ ಉಳಿಯಲಿಲ್ಲ. ಅನುದಾನ, ಹುದ್ದೆ, ಕಂಪನಿಗಳ ಹಣ ಎಲ್ಲ ಅದರ ಹಿಂದೆ ಹೋದವು. ಪ್ರೆಸೆನಿಲಿನ್ ಇರುವ ಕಿಣ್ವವನ್ನೇ ಕಟ್ಟಿಹಾಕುವ ಸೆಮಗಾಸೆಸ್ಟಾಟ್ ಎಂಬ ಔಷಧದ ಪ್ರಯೋಗವನ್ನು 2010ರಲ್ಲಿ ನಿಲ್ಲಿಸಬೇಕಾಯಿತು. ಗುಳಿಗೆ ತಿಂದವರ ಸ್ಥಿತಿ ಖಾಲಿ ಗುಳಿಗೆ ತಿಂದವರಿಗಿಂತ ಕೆಟ್ಟಿತ್ತು. ಇನ್ನೊಂದು ಕಿಣ್ವ ತಡೆಯುವ ವೆರುಬೆಸೆಸ್ಟಾಟ್ ಕತೆಯೂ ಹಾಗೇ ಮುಗಿಯಿತು. 2002ರಿಂದ 2012ರವರೆಗೆ ಪ್ರಯೋಗಿಸಿದ ಅಲ್ಝೈಮರ್ ಔಷಧಗಳನ್ನು ಎಣಿಸಿದವರು ಶೇ 99.6 ಸೋತವೆಂದು ಬರೆದರು. 2006ರಲ್ಲಿ ‘ನೇಚರ್’ನಲ್ಲಿ ಬಂದ, ನೆನಪನ್ನು ಕದಿಯುವ ಅಮಿಲಾಯ್ಡ್ ಗುಚ್ಛ ಸಿಕ್ಕಿತೆಂದು ಹೇಳಿದ್ದ ಲೇಖನದ ಚಿತ್ರಗಳನ್ನು ತಿದ್ದಲಾಗಿದೆ ಎಂಬ ಆರೋಪ 2022ರಲ್ಲಿ ಹೊರಬಿತ್ತು. 2024ರಲ್ಲಿ ಲೇಖನವನ್ನೇ ಹಿಂಪಡೆದರು. ಹದಿನೆಂಟು ವರ್ಷ ಅದನ್ನು ಉಲ್ಲೇಖಿಸಿದವರು ಸಾವಿರಾರು ಮಂದಿ.

ಆಮೇಲೆ ಗೆದ್ದವೂ ಬಂದವು. ಲೆಕಾನೆಮ್ಯಾಬ್ ಅಮಿಲಾಯ್ಡನ್ನು ನಿಜಕ್ಕೂ ತೆಗೆದುಹಾಕುತ್ತದೆ. 1,795 ರೋಗಿಗಳ ಮೇಲೆ ಹದಿನೆಂಟು ತಿಂಗಳು ನಡೆದ ಪ್ರಯೋಗದಲ್ಲಿ, 18 ಅಂಕಗಳ ಅಳತೆಗೋಲಿನ ಮೇಲೆ ಔಷಧ ಪಡೆದವರಿಗೂ ಪಡೆಯದವರಿಗೂ 0.45 ಅಂಕದ ವ್ಯತ್ಯಾಸ ಕಂಡಿತು. 2023ರಲ್ಲಿ ಅಮೆರಿಕದಲ್ಲಿ ಅದಕ್ಕೆ ವರ್ಷಕ್ಕೆ 26,500 ಡಾಲರ್ ಬೆಲೆ ಇಟ್ಟರು. ಶುರುವಿನಲ್ಲಿ ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಏರಿಸಬೇಕು, ಮಿದುಳು ಬಾತಿದೆಯೇ, ರಕ್ತ ಒಸರಿದೆಯೇ ಎಂದು ಮತ್ತೆ ಮತ್ತೆ ಎಂ.ಆರ್.ಐ. ಮಾಡಿಸಬೇಕು. ಮುಂಡರಗಿಯಿಂದ ಹುಬ್ಬಳ್ಳಿಗೆ ಎಷ್ಟು ಸಲ ಗಾಡಿ ಮಾಡುತ್ತೀರಿ? ಅಮಿಲಾಯ್ಡ್ ಸುಳ್ಳಲ್ಲ ಎಂದು ಈ ಔಷಧ ತೋರಿಸಿತು, ಸರಿ. ಅದೊಂದೇ ಅಲ್ಲ ಎಂಬುದನ್ನೂ ತೋರಿಸಿತು. ಒಂದು ಕಡೆ ವಂಶವಾಹಿ ಪರೀಕ್ಷೆಗೆ ನಾನು ಕೈಮುಗಿಯುತ್ತೇನೆ: ಎರಡು ಇ4 ಇರುವವರಿಗೆ ಈ ಔಷಧದಿಂದ ಮಿದುಳು ಬಾಯುವ ಸಂಭವ ಬಹಳ ಹೆಚ್ಚು, ಬ್ರಿಟನ್ ಅಂಥವರಿಗೆ ಅನುಮತಿಯನ್ನೇ ಕೊಟ್ಟಿಲ್ಲ. ಔಷಧ ಏರಿಸುವ ಮುನ್ನ ಪರೀಕ್ಷೆ ಮಾಡಿಸಿ. ಮದುವೆಗೆ ಮುನ್ನ ಬೇಡ.

ಇದರ ಎದುರು ಇನ್ನೊಂದು ಮಾತು ನಮ್ಮಲ್ಲಿ ಓಡುತ್ತದೆ: ‘ಅದು ಪರದೇಶದವರ ರೋಗ, ನಾವು ಅರಿಷಿಣ ತಿಂತೀವಿ, ನಮಗ ಬರಂಗಿಲ್ಲ.’ ಅರಿಷಿಣದ ಕರ್ಕ್ಯುಮಿನ್ ಇಲಿಗಳಲ್ಲಿ ಅಮಿಲಾಯ್ಡ್ ಕಡಿಮೆ ಮಾಡಿತು, ರೋಗಿಗಳಿಗೆ ಕೊಟ್ಟಾಗ ಫಲ ಕಾಣಲಿಲ್ಲ. ಹಿರೇಮದ್ದು ಅಂದರೆ ಅಶ್ವಗಂಧದ ಬೇರಿನ ಸಾರ ಕೂಡ ಇಲಿಗಳಲ್ಲಿ ಕೆಲಸ ಮಾಡಿದೆ. ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡದ 2012ರ ಲೇಖನ ಅದು, ಮಿದುಳನ್ನು ಬಿಟ್ಟು ಯಕೃತ್ತಿನ ಮೂಲಕ ಅಮಿಲಾಯ್ಡ್ ಹೊರಹೋಗುತ್ತದೆಂದು ತೋರಿಸಿದ ಸೊಗಸಾದ ಕೆಲಸ. ಇಲಿಯ ಮರೆವು ಇಲಿಯದು. ಇನ್ನು ‘ನಮಗೆ ಬರುವುದಿಲ್ಲ’ ಎಂಬುದಕ್ಕೆ ಉತ್ತರ ಬಂದಾಗಿದೆ. ದೇಶವ್ಯಾಪಿ ವೃದ್ಧರ ಅಧ್ಯಯನದ ಭಾಗವಾಗಿ 2023ರಲ್ಲಿ ಪ್ರಕಟವಾದ ಲೆಕ್ಕದಂತೆ 60 ದಾಟಿದ ಭಾರತೀಯರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ, ಓದಿದವರಿಗಿಂತ ಓದದವರಲ್ಲಿ ಹೆಚ್ಚು.

ಹೆಂಗಸು, ಹಳ್ಳಿ, ಓದಿಲ್ಲ. ಈ ಮೂರರಲ್ಲಿ ಹಳ್ಳಿ ಮತ್ತು ಅನಕ್ಷರತೆ ಯಾವ ವರ್ಣತಂತುವಿನ ಮೇಲೆ ಇವೆ?

ರಕ್ತದ ಮಾತು ಮಾಡುವ ಕೇಡು ಇಲ್ಲಿದೆ. ಒಮ್ಮೆ ‘ಮನಿತನದ ರೋಗ’ ಎಂದು ಮುದ್ರೆ ಬಿದ್ದರೆ ಮನೆಯವರು ಮುದುಕರನ್ನು ಒಳಕೋಣೆಗೆ ಸರಿಸುತ್ತಾರೆ, ಇನ್ನೂ ಮದುವೆಯಾಗದ ಮೊಮ್ಮಕ್ಕಳಿದ್ದಾರಲ್ಲ. ಆಸ್ಪತ್ರೆಗೆ ಕರೆದೊಯ್ದರೆ ಊರಿಗೆ ಗೊತ್ತಾಗುತ್ತದೆ. ಹಾಗಾಗಿ ಗುಣವಾಗಬಹುದಾದ ಮರೆವೂ ಒಳಕೋಣೆಯಲ್ಲೇ ಬಲಿಯುತ್ತದೆ. ಬಿ12 ಕೊರತೆ ಶುದ್ಧ ಸಸ್ಯಾಹಾರದ ಮನೆಗಳಲ್ಲಿ ಅಪರೂಪವಲ್ಲ, ಇಂಜೆಕ್ಷನ್ನಿಗೆ ಸರಿಹೋಗುವಂಥದ್ದು. ಥೈರಾಯ್ಡ್ ಇಳಿದರೂ ಮಂಕು ಕವಿಯುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದು ತಲೆಯೊಳಗೆ ನಿಧಾನಕ್ಕೆ ರಕ್ತ ಹೆಪ್ಪುಗಟ್ಟಿದರೂ ಮುದುಕರು ತಿಂಗಳೊಪ್ಪತ್ತಿನಲ್ಲಿ ಬೇರೆಯೇ ಮನುಷ್ಯರಾಗುತ್ತಾರೆ. ಬೆಟಗೇರಿಯಲ್ಲಿ ಪವರ್‌ಲೂಮಿನ ಖಟಪಟದ ನಡುವೆ ಆಯುಷ್ಯ ಸವೆಸಿದ ನೇಕಾರನಿಗೆ ಕಿವಿ ಮಂದವಾಗಿರುತ್ತದೆ. ‘ಉಂಡ್ಯೇನು?’ ಎಂದರೆ ‘ಸಂತಿಗಿ ಹೋಗಿಲ್ಲ’ ಎನ್ನುತ್ತಾನೆ, ಸೊಸೆ ‘ಮಾವನವ್ರಿಗೆ ಅರಳು ಮರಳು’ ಎಂದು ತೀರ್ಮಾನಿಸುತ್ತಾಳೆ. ನಾಲ್ಕು ವರ್ಷ ಯಾರೊಂದಿಗೂ ಮಾತಿಲ್ಲದೆ ಕೂತರೆ ನಿಜವಾದ ಮರೆವಿಗೂ ದಾರಿಯಾಗುತ್ತದೆ. ಲ್ಯಾನ್ಸೆಟ್ ಆಯೋಗದ 2024ರ ವರದಿ ತಿದ್ದಬಹುದಾದ ಹದಿನಾಲ್ಕು ಕಾರಣಗಳನ್ನು ಪಟ್ಟಿ ಮಾಡಿದೆ. ಕಿವುಡು, ಕೆಟ್ಟ ಕೊಲೆಸ್ಟರಾಲ್, ಕಡಿಮೆ ಓದು, ಬಿ.ಪಿ., ಸಕ್ಕರೆ ಕಾಯಿಲೆ, ಹೊಗೆ, ಒಂಟಿತನ ಅದರಲ್ಲಿವೆ. ಎಲ್ಲವನ್ನೂ ಕಳೆದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಅಂದಾಜು. ಸ್ವೀಡನ್ನಿನ ಅಂಕಿಗೆ ನಾನು ಹೇಳಿದ ಎಚ್ಚರಿಕೆ ಇದಕ್ಕೂ ಸಲ್ಲುತ್ತದೆ, ಇದು ಜನಸಮೂಹದ ಲೆಕ್ಕ, ಒಬ್ಬರ ಭವಿಷ್ಯ ಹೇಳುವುದಿಲ್ಲ. ಕಿವಿಯ ಯಂತ್ರ ಕೊಟ್ಟು ನೋಡಿದ 2023ರ ಪ್ರಯೋಗದಲ್ಲಿ ಒಟ್ಟು ಗುಂಪಿಗೆ ಲಾಭ ಕಾಣಲಿಲ್ಲ, ಅಪಾಯ ಹೆಚ್ಚಿದ್ದವರಲ್ಲಿ ಮಾತ್ರ ಕಂಡಿತು.

ಬಿ.ಪಿ.ಯ ವಿಷಯದಲ್ಲಿ ಅಷ್ಟು ಅಳುಕು ಬೇಕಿಲ್ಲ. ಚೀನಾದ 326 ಹಳ್ಳಿಗಳಲ್ಲಿ ಸುಮಾರು 34 ಸಾವಿರ ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2025ರಲ್ಲಿ ಹೊರಬಂತು. ಎಂ.ಬಿ.ಬಿ.ಎಸ್. ಮಾಡದ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಸಾಮಾನ್ಯ ಗುಳಿಗೆಗಳಿಂದ ಬಿ.ಪಿ. ಇಳಿಸಿದ ಊರುಗಳಲ್ಲಿ ನಾಲ್ಕು ವರ್ಷದಲ್ಲಿ ಡಿಮೆನ್ಷಿಯಾ ಶೇ 15ರಷ್ಟು ಕಡಿಮೆಯಾಯಿತು. ಆ ಗುಳಿಗೆಗಳು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ ಸಿಗುವಂಥವು. ಸಿಕ್ಕರೂ ‘ಬಿ.ಪಿ. ನಾರ್ಮಲ್ ಬಂತು’ ಎಂದು ಎರಡನೇ ತಿಂಗಳಿಗೆ ಸ್ಟ್ರಿಪ್ಪನ್ನು ಮಾಡದಲ್ಲಿಟ್ಟು ಮರೆಯುವವರೇ ಹೆಚ್ಚು. ಅಜ್ಜನ ರಕ್ತ ನೋಡುವವರು ರಕ್ತದ ಒತ್ತಡ ನೋಡಿದ್ದರೆ ಆಗುತ್ತಿತ್ತು.

ಹಾಗಾದರೆ ವಂಶವಾಹಿ ಸಂಶೋಧನೆಯೇ ನಮಗೆ ಬೇಡವೇ? ಬೇಕು, ಹೆಚ್ಚು ಬೇಕು, ಇಲ್ಲಿಯೇ ಬೇಕು. ರಕ್ತದ ಬಗ್ಗೆ ಇಷ್ಟು ಮಾತಾಡುವ ನಾವು ಈಚಿನವರೆಗೂ ನಮ್ಮ ರಕ್ತವನ್ನು ಓದಿಸಿಕೊಂಡೇ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಅನುಸರಿಸುವ ಕೆಲಸ ಕೈಗೊಂಡಿದೆ. ಅದೇ ಕೇಂದ್ರದ ಮುಂದಾಳತ್ವದ ಜೀನೋಮ್‌ಇಂಡಿಯಾ ಯೋಜನೆ ದೇಶದ ಎಂಬತ್ತಕ್ಕೂ ಹೆಚ್ಚು ಸಮುದಾಯಗಳ ಸುಮಾರು ಹತ್ತು ಸಾವಿರ ಜನರ ಡಿಎನ್ಎ ಓದಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು. ಶ್ರೀನಿವಾಸಪುರ ಒಂದು ಸಾಕೆ? ತಲೆತಲಾಂತರದಿಂದ ಒಳಗೊಳಗೇ ಮದುವೆಯಾಗುವ ನಮ್ಮ ಸಮುದಾಯಗಳಲ್ಲಿ ಒಬ್ಬ ಮೂಲಪುರುಷನ ಅಪರೂಪದ ರೂಪ ಸಾವಿರಾರು ಜನರಿಗೆ ಹರಡಿರುತ್ತದೆ. ಇದರ ಮೇಲೆ ಸೋದರಮಾವ, ಸೋದರತ್ತೆಯ ಮಗ. ಕರ್ನಾಟಕದ ಮದುವೆಗಳಲ್ಲಿ ಸುಮಾರು ಕಾಲು ಭಾಗ ರಕ್ತಸಂಬಂಧದೊಳಗೇ ಆಗುತ್ತವೆ.

ತೆಲುಗು ನಾಡಿನ ವೈಶ್ಯ ಸಮುದಾಯದಲ್ಲಿ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆ ಬೇರೆಡೆಗಿಂತ ಬಹಳ ಹೆಚ್ಚು ಎಂಬುದು ವೈದ್ಯರಿಗೆ ಗೊತ್ತು. ಆಪರೇಷನ್ ಟೇಬಲ್ಲಿನ ಮೇಲೆ ಒಂದು ಬಗೆಯ ಸ್ನಾಯು ಸಡಿಲಿಸುವ ಔಷಧ ಕೊಟ್ಟರೆ ಅವರು ಬೇಗ ಚೇತರಿಸಿಕೊಳ್ಳುವುದಿಲ್ಲ. ಡಿಮೆನ್ಷಿಯಾಕ್ಕೆ ಕೊಡುವ ರಿವಾಸ್ಟಿಗ್ಮೀನ್ ಇದೇ ಕಿಣ್ವವನ್ನು ತಡೆಯುವ ಔಷಧ. ಕಿಣ್ವವೇ ಇಲ್ಲದವರಲ್ಲಿ ಅದು ಏನು ಮಾಡುತ್ತದೆ? ಇಂಥ ಪ್ರಶ್ನೆ ಸ್ವೀಡನ್ನಿನವರಿಗೆ ಹೊಳೆಯುವುದಿಲ್ಲ, ಹೊಳೆಯಬೇಕಾದ ಅಗತ್ಯವೂ ಅವರಿಗಿಲ್ಲ. ಮನೆತನವನ್ನು ದೂರುವುದಕ್ಕೂ ಮನೆತನವನ್ನು ಓದುವುದಕ್ಕೂ ಅಜಗಜಾಂತರ.

ಓದುವುದು ಸುಲಭವಲ್ಲ. ಡಿಎನ್ಎ ಓದುವ ಯಂತ್ರ ಎಷ್ಟು ದೊಡ್ಡದಿದ್ದರೇನು, ರೋಗಿ ಯಾರು ಎಂಬುದೇ ತಪ್ಪಾದರೆ ಎಲ್ಲ ತಪ್ಪು. ಮುಂಡರಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿಗೆ ಆರೋಗ್ಯ ಶಿಬಿರದ ಹುಡುಗಿ ಕೇಳುತ್ತಿದ್ದಳು: ‘ಇವತ್ತು ಎಷ್ಟನೇ ತಾರೀಕು? ಯಾವ ವರ್ಷ?’ ಅಜ್ಜಿ ಸೀರೆಯ ಸೆರಗು ಸುತ್ತುತ್ತ ಸುಮ್ಮನಿದ್ದಳು. ‘ನೂರರಿಂದ ಏಳೇಳು ಕಳೀತಾ ಬರ್ರಿ.’ ಅದಕ್ಕೂ ಸುಮ್ಮನೆ. ಹುಡುಗಿ ಕಾಗದದ ಮೇಲೆ ಸೊನ್ನೆ ಬರೆದಳು. ಪಕ್ಕದಲ್ಲಿ ಕೂತಿದ್ದ ಗಂಡಸೊಬ್ಬ ‘ಯಾವ ಮಳಿ ನಡದೈತಿ ಬೇ?’ ಎಂದು ಕೇಳಿದ. ಅಜ್ಜಿ ತಲೆ ಎತ್ತದೆ, ‘ಹಸ್ತಿ ಮುಗದು ಚಿತ್ತಿ ಹಿಡದೈತಿ. ಕಡ್ಲಿ ಬಿತ್ತೋದ ಬಿಟ್ಟು ನೀ ಇಲ್ಲ್ಯಾಕ ಕುಂತಿ?’ ಎಂದಳು. ಈ ಅಜ್ಜಿಯನ್ನು ‘ರೋಗಿ’ ಎಂಬ ಕಾಲಂನಲ್ಲಿ ಹಾಕಿ ಅವಳ ಇ4 ಎಣಿಸಿದರೆ ಏನು ಸಿಗುತ್ತದೆ? ಬಲ್ಲಭಗಢದವರಿಗೆ ಇದು ಮೂವತ್ತು ವರ್ಷದ ಹಿಂದೆಯೇ ಗೊತ್ತಿತ್ತು. ಓದು ಬರಹ ಬಾರದವರಿಗಾಗಿ ಅವರು ಪ್ರಶ್ನೆಗಳನ್ನೇ ಬೇರೆಯಾಗಿ ಮಾಡಿಕೊಂಡಿದ್ದರು. ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿದ ಸುವರ್ಣಾ ಅಲ್ಲಾಡಿ ಅವರು 2013ರಲ್ಲಿ ಬರೆದದ್ದೂ ನೆನಪಿಡಬೇಕಾದ್ದು: ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಿಗೆ ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ ರೋಗ ಕಾಣಿಸಿಕೊಂಡಿತು, ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸವಿತ್ತು. ಲಕ್ಷ್ಮೇಶ್ವರದ ಸಂತೆಯಲ್ಲಿ ಕನ್ನಡ, ಉರ್ದು ಎರಡರಲ್ಲೂ ಚೌಕಾಶಿ ಮಾಡುವ ಮುದುಕಿಯರ ಬಗ್ಗೆ ಇಂಥ ಅಧ್ಯಯನ ಯಾರಾದರೂ ಮಾಡಬೇಡವೇ?

ಗದಗಿನಲ್ಲಿ ಈಗ ವೈದ್ಯಕೀಯ ಸಂಸ್ಥೆಯಿದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಿದೆ, ಹಳ್ಳಿಹಳ್ಳಿಗೆ ಆಶಾ ಕಾರ್ಯಕರ್ತೆಯರಿದ್ದಾರೆ. ಮೊದಲು ಕಿವಿ, ಬಿ.ಪಿ., ಬಿ12, ಥೈರಾಯ್ಡ್. ಆಮೇಲೆ ಮಳೆಯ ಹೆಸರು ಕೇಳುವ ಪ್ರಶ್ನಾವಳಿ. ಅದೆಲ್ಲ ಮುಗಿದ ಮೇಲೆ ಒಂದು ಸಿರಿಂಜ್ ರಕ್ತ, ಡಿಎನ್ಎಗೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಿ ಹೇಳುವಂತಿರಲಿ. 2018ರಲ್ಲಿ ದೆಹಲಿ ಹೈಕೋರ್ಟು, ವಂಶವಾಹಿ ಕಾಯಿಲೆ ಎಂದು ನೆಪ ಹೇಳಿ ಸಾರಾಸಗಟಾಗಿ ವಿಮೆ ನಿರಾಕರಿಸುವುದು ತಾರತಮ್ಯ ಎಂದಿತು. ಮದುವೆಯ ಮಾತುಕತೆ ಕೋರ್ಟಿನ ಕಟ್ಟೆ ಹತ್ತುವುದಿಲ್ಲ. ಆದ್ದರಿಂದ ಒಪ್ಪಿಗೆ ಪತ್ರದ ಮೊದಲ ಸಾಲಲ್ಲೇ ದಪ್ಪಕ್ಷರದಲ್ಲಿ ಬರೆಯಬೇಕು: ಈ ರಕ್ತದಿಂದ ತಿಳಿದುಬರುವುದನ್ನು ಬೀಗರಿಗಾಗಲಿ, ಬೀಗರಾಗಲು ಬಂದವರಿಗಾಗಲಿ ತಿಳಿಸುವುದಿಲ್ಲ.